ಎರಡು ಪೈಯ ಲೆಕ್ಕ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಉಡುಪಿಯ ವ್ಯಾಪಾರಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರರು ಕೆಲವು ಗೆಳೆಯರೊಂದಿಗೆ ಸೇರಿ 1906ರ ಮಾರ್ಚ್ 12ರಂದು 5,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಆರಂಭಿಸಿದರು. ಜಾತಿ ಮತ ನೋಡದೆ ಎಲ್ಲರಿಗೂ ಉಳಿತಾಯದ ಅಭ್ಯಾಸವಾಗಲಿ ಎಂಬುದು ಅವರ ಆಶಯ. ಮೊದಲ ದಿನ ಜಮೆಯಾದದ್ದು 38 ರೂಪಾಯಿ 13 ಆಣೆ 2 ಪೈ. ಮಕ್ಕಳೇ, ಆಗ ಆಣೆಗೆ 12 ಪೈ, ರೂಪಾಯಿಗೆ 16 ಆಣೆ. ಮೇಷ್ಟ್ರಾದವನು ಇದನ್ನು ಹೇಳದೆ ಬಿಡಲಾರೆ! ಆ 2 ಪೈಯನ್ನೂ ಬರೆದಿಟ್ಟರಲ್ಲ, ನನಗೆ ಬಹಳ ಹಿಡಿಸಿದ್ದು ಅದು.

ಉಡುಪಿಯ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿ, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋಯಿತು. ಆಸ್ಪತ್ರೆಗೆ ಅವರ ಹೆಸರು ಇಂದಿಗೂ ಇದೆ.

ಪೋಷಕರಲ್ಲಿ ಒಂದು ಮಾತು. ಮಗಳಿಗೆ ಬಂದ ವಿದ್ಯಾರ್ಥಿವೇತನ ಅಪ್ಪನ, ಅಣ್ಣನ ಖಾತೆಗೆ ಹೋಗಿ ಮನೆಖರ್ಚಿನಲ್ಲಿ ಕರಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನನಗದು ಒಪ್ಪಿಗೆಯಿಲ್ಲ. ಹತ್ತು ವರ್ಷ ದಾಟಿದ ಮಗು ತಾನೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಅವಳ ಹೆಸರಿನಲ್ಲೇ ಖಾತೆ ತೆರೆಸಿ, ಪಾಸ್‌ಬುಕ್ಕನ್ನು ಅವಳ ಕೈಗೇ ಕೊಡಿ.