ಏರಿಗೆ ತಕ್ಕ ಮೋಟಾರು, ಮೋಟಾರಿಗೆ ತಕ್ಕ ಕಂಟ್ರೋಲರ್



ಕೃಷಿ ವಿಜ್ಞಾನಿಗೆ ಮೋಟಾರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಮಲೆನಾಡಿನಲ್ಲಿ ಬೆಳೆಯುವುದಕ್ಕಿಂತ ಬೆಳೆದದ್ದನ್ನು ಸಾಗಿಸುವುದೇ ಕಷ್ಟವಾಗಿರುವ ಕಾಲವಿದು. ಕಣಿವೆಯ ತೋಟದಿಂದ ಅಂಗಳಕ್ಕೆ ಅಡಿಕೆ ಗೊನೆ, ಕೊಟ್ಟಿಗೆಯಿಂದ ತೋಟಕ್ಕೆ ಗೊಬ್ಬರ, ಬೆಟ್ಟದಿಂದ ಸೊಪ್ಪು, ಇವೆಲ್ಲ ಇಂದಿಗೂ ಬಹುಮಟ್ಟಿಗೆ ಮನುಷ್ಯರ ತಲೆಯ ಮೇಲೆಯೇ ಸಾಗುತ್ತವೆ. ಆದ್ದರಿಂದ ನಮ್ಮ ಯುವಕರು ಬ್ಯಾಟರಿಯಿಂದ ನಡೆಯುವ ಗಾಡಿಗಳನ್ನು ತಾವೇ ಕಟ್ಟಲು ಮುಂದಾಗುವುದು ಸಂತೋಷದ ಸಂಗತಿ. ಆದರೆ ಅಂಗಳದಲ್ಲಿ ಸೊಗಸಾಗಿ ಓಡಿದ ಗಾಡಿ ಏರಿನಲ್ಲಿ ಸುಟ್ಟುಹೋಗುವುದುಂಟು. ಸಾಮಾನು ಕಳಪೆಯೆಂದು ನಾವು ಅಂಗಡಿಯವನನ್ನು ದೂರುತ್ತೇವೆ. ಅನೇಕ ವೇಳೆ ತಪ್ಪು ಸಾಮಾನಿನದಲ್ಲ, ಜೋಡಣೆಯದು.

ಬ್ರಷ್‌ರಹಿತ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕಾಯಂ ಅಯಸ್ಕಾಂತಗಳಿವೆ, ನಿಂತ ಭಾಗಕ್ಕೆ ಮೂರು ತಂಡದ ತಾಮ್ರದ ಸುರುಳಿಗಳಿವೆ. ಸವೆಯುವ ಕಾರ್ಬನ್ ಬ್ರಷ್ ಇಲ್ಲದಿರುವುದರಿಂದ ಯಾವ ಸುರುಳಿಗೆ ಯಾವ ಕ್ಷಣ ವಿದ್ಯುತ್ ಹರಿಸಬೇಕೆಂಬುದನ್ನು ಕಂಟ್ರೋಲರ್ ನಿರ್ಧರಿಸುತ್ತದೆ. ಅಯಸ್ಕಾಂತ ಎಲ್ಲಿದೆ ಎಂಬ ಸುದ್ದಿಯನ್ನು ಅದಕ್ಕೆ ಮುಟ್ಟಿಸುವವು ಮೂರು ಹಾಲ್ ಸಂವೇದಕಗಳು. ಸಂವೇದಕವಿಲ್ಲದ ಕಂಟ್ರೋಲರ್‌ಗಳೂ ಅಗ್ಗವಾಗಿ ದೊರೆಯುತ್ತವೆ. ಅವು ತಿರುಗುತ್ತಿರುವ ಮೋಟಾರು ಹುಟ್ಟಿಸುವ ಪ್ರತಿವೋಲ್ಟೇಜನ್ನು ನೋಡಿ ಸ್ಥಾನವನ್ನು ಊಹಿಸುತ್ತವೆ. ನಿಂತ ಮೋಟಾರಿನಲ್ಲಿ ಆ ವೋಲ್ಟೇಜು ಶೂನ್ಯ. ಹೀಗಾಗಿ ಹೊರೆ ಹೊತ್ತು ಏರಿನ ಮಧ್ಯೆ ನಿಂತ ಗಾಡಿ ಮತ್ತೆ ಹೊರಡಲಾರದೆ ತೊನೆಯುತ್ತದೆ. ಮಲೆನಾಡಿಗೆ ಹಾಲ್ ಸಂವೇದಕವಿರುವ ಜೋಡಿಯೇ ಯೋಗ್ಯ.

ಕೊಳ್ಳುವ ಮುನ್ನ ಲೆಕ್ಕ ಹಾಕಿರಿ. ಗಾಡಿ, ಹೊರೆ, ನಡೆಸುವವನು ಸೇರಿ 300 ಕಿಲೋ ಎನ್ನೋಣ. ಹತ್ತು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಏರಿಗಾಗಿಯೇ ಸುಮಾರು 295 ನ್ಯೂಟನ್ ಬಲ ಬೇಕು. ಮಣ್ಣುದಾರಿಯ ಉರುಳು ತಡೆಗೆ ತೂಕದ ನೂರಕ್ಕೆ ಮೂರು ಪಾಲು ಹಿಡಿದರೆ ಇನ್ನೂ 88 ನ್ಯೂಟನ್. ಒಟ್ಟು 383. ಗಂಟೆಗೆ 10 ಕಿ.ಮೀ. ವೇಗಕ್ಕೆ ಇದು ಸುಮಾರು 1,060 ವಾಟ್. ಚಕ್ರದ ತ್ರಿಜ್ಯ 25 ಸೆಂಟಿಮೀಟರ್ ಆದರೆ ಚಕ್ರದಲ್ಲಿ ಬೇಕಾದ ತಿರುಗುಬಲ, ಅಂದರೆ ಟಾರ್ಕ್, ಸುಮಾರು 96 ನ್ಯೂಟನ್ ಮೀಟರ್. ಆಗ ಚಕ್ರ ನಿಮಿಷಕ್ಕೆ 106 ಸುತ್ತು ತಿರುಗುತ್ತದೆ.

ಈಗ 48 ವೋಲ್ಟಿನಲ್ಲಿ ಹೊರೆಯಿಲ್ಲದೆ ನಿಮಿಷಕ್ಕೆ 500 ಸುತ್ತು ತಿರುಗುವ, ಚಕ್ರದೊಳಗೇ ಕೂತ ಹಬ್ ಮೋಟಾರನ್ನು ನೋಡೋಣ. ಪ್ರತಿ ವೋಲ್ಟಿಗೆ ಸುಮಾರು 10.4 ಸುತ್ತು. 9.55ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಆಂಪಿಯರಿಗೆ ಎಷ್ಟು ಟಾರ್ಕ್ ಎಂಬುದು ತಿಳಿಯುತ್ತದೆ. ಇಲ್ಲಿ ಅದು ಸುಮಾರು 0.92. ನಮ್ಮ ಏರಿಗೆ ಸುರುಳಿಗಳಲ್ಲಿ ನೂರಕ್ಕೂ ಮಿಕ್ಕಿ ಆಂಪಿಯರ್ ಹರಿಯಬೇಕು. ಕರೆಂಟು ಇಮ್ಮಡಿಯಾದರೆ ತಾಮ್ರದ ಬಿಸಿ ನಾಲ್ಮಡಿಯಾಗುತ್ತದೆ. ಸಾಮಾನ್ಯ ಹಬ್ ಮೋಟಾರು ಇದನ್ನು ಬಹಳ ಹೊತ್ತು ತಾಳದು.

ಅದೇ ಕೆಲಸಕ್ಕೆ ಪ್ರತಿ ವೋಲ್ಟಿಗೆ 55 ಸುತ್ತಿನ ಮೋಟಾರನ್ನು ಇಟ್ಟು, ಗೇರು ಮತ್ತು ಚೈನಿನ ಮೂಲಕ ಅದರ 20 ಸುತ್ತಿಗೆ ಚಕ್ರ ಒಂದು ಸುತ್ತು ತಿರುಗುವಂತೆ ಮಾಡಿರಿ. ಗೇರಿನ ನಷ್ಟವನ್ನೂ ಸೇರಿಸಿ ಮೋಟಾರು ಕೊಡಬೇಕಾದ ಟಾರ್ಕ್ ಸುಮಾರು 5.3 ನ್ಯೂಟನ್ ಮೀಟರ್. ಕರೆಂಟು ಸುಮಾರು 30 ಆಂಪಿಯರ್. ಏರು ಅದೇ, ಹೊರೆ ಅದೇ; ಮೋಟಾರು ಮಾತ್ರ ಬದುಕುತ್ತದೆ. ನಮ್ಮ ದಾರಿಗೆ ಬೇಕಾದುದು ವೇಗವಲ್ಲ, ಗೇರು.

ಇದಕ್ಕೆ 48 ವೋಲ್ಟಿನ, ನಿರಂತರವಾಗಿ 40 ಆಂಪಿಯರ್ ಕೊಡಬಲ್ಲ ಕಂಟ್ರೋಲರ್ ಸಾಕು. ಪೆಟ್ಟಿಗೆಯ ಮೇಲಿನ ಸಂಖ್ಯೆ ನಿರಂತರದ್ದೋ, ಕೆಲವೇ ಕ್ಷಣಗಳ ಗರಿಷ್ಠವೋ ಎಂದು ಕೇಳಿ ತಿಳಿಯಿರಿ. ಕಂಟ್ರೋಲರ್ ಎಳೆಯುವ ಮಿತಿಯನ್ನು ಬ್ಯಾಟರಿಯ ಕಾವಲು ಸರ್ಕೀಟು, ಅಂದರೆ ಬಿ.ಎಂ.ಎಸ್., ತಾಳಬೇಕು, ಇಲ್ಲವಾದರೆ ಏರಿನ ಮಧ್ಯೆ ಗಾಡಿ ಸತ್ತು ಹಿಂದಕ್ಕೆ ಉರುಳುತ್ತದೆ. ‘48 ವೋಲ್ಟ್’ ಎಂಬುದೂ ಒಂದೇ ಸಂಖ್ಯೆಯಲ್ಲ. 13 ಕೋಶಗಳ ಲಿಥಿಯಂ ಅಯಾನ್ ಬ್ಯಾಟರಿ ತುಂಬಿದಾಗ 54.6 ವೋಲ್ಟ್, 16 ಕೋಶಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಚಾರ್ಜಾಗುವಾಗ 58.4 ವೋಲ್ಟ್. ಕಂಟ್ರೋಲರಿನ ಕೆಪಾಸಿಟರುಗಳು 63 ವೋಲ್ಟಿನವಾದರೆ ಉಳಿಯುವ ಅಂತರ ಬಹಳ ಕಡಿಮೆ.

ಏರಿಗಿಂತ ಇಳಿಜಾರು ಅಪಾಯಕರ. ಇಳಿಯುವಾಗ ಮೋಟಾರು ಜನರೇಟರಾಗಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ, ಗಾಡಿಯನ್ನೂ ತಡೆಯುತ್ತದೆ. ಆದರೆ ನಮ್ಮಲ್ಲಿ ಅನೇಕರ ಮನೆ ಮೇಲೆ, ತೋಟ ಕೆಳಗೆ. ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಗೊಬ್ಬರ ತುಂಬಿ ಇಳಿಯುವಾಗ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಬಿ.ಎಂ.ಎಸ್. ಸಂಪರ್ಕ ಕಡಿದರೆ ವಿದ್ಯುತ್ ತಡೆ ಮಾಯವಾಗುತ್ತದೆ, ವೋಲ್ಟೇಜು ನೆಗೆದು ಕಂಟ್ರೋಲರ್ ಸುಡಬಹುದು. ತಡೆ ಇಲ್ಲದ 300 ಕಿಲೋ ಗಾಡಿಯ ಮುಂದೆ ದಾರಿ ಹಾಯುವ ಮಗು ಇರಬಹುದೆಂಬುದನ್ನು ನೆನೆಯಿರಿ. ಪೂರ್ತಿ ಹೊರೆಯನ್ನು ನಿಲ್ಲಿಸಬಲ್ಲ ಯಾಂತ್ರಿಕ ಬ್ರೇಕು, ನಿಂತಾಗ ಹಿಡಿದಿಡುವ ಪಾರ್ಕಿಂಗ್ ಬ್ರೇಕು ಇಲ್ಲದೆ ಯಾವ ಗಾಡಿಯನ್ನೂ ಇಳಿಜಾರಿಗೆ ಬಿಡಬೇಡಿರಿ. ಮನೆ ಮೇಲಿದ್ದರೆ ಬ್ಯಾಟರಿಯನ್ನು ಸ್ವಲ್ಪ ಕಡಿಮೆಯೇ ತುಂಬಿರಿ.

ತಂತಿಗಳ ವಿಷಯ. ಬೇರೆ ಬೇರೆ ತಯಾರಕರ ಮೋಟಾರು ಮತ್ತು ಕಂಟ್ರೋಲರ್‌ಗಳಲ್ಲಿ ಬಣ್ಣ ಹೊಂದಿದ ಮಾತ್ರಕ್ಕೆ ಜೋಡಣೆ ಹೊಂದಿತೆಂದು ತಿಳಿಯಬಾರದು. ಚಕ್ರವನ್ನು ನೆಲದಿಂದ ಎತ್ತಿ, ಹಾಲ್ ತಂತಿಗಳನ್ನು ಹಾಗೆಯೇ ಇರಿಸಿ, ಮೂರು ದಪ್ಪ ತಂತಿಗಳ ಆರು ಕ್ರಮಗಳನ್ನು ಸಣ್ಣ ಥ್ರಾಟಲಿನಲ್ಲಿ ಒಂದೊಂದಾಗಿ ನೋಡಿರಿ. ಪ್ರತಿ ಬದಲಾವಣೆಗೂ ಮೊದಲು ಬ್ಯಾಟರಿ ಬಿಚ್ಚಿರಿ. ಸರಿಯಾದ ಕ್ರಮದಲ್ಲಿ ಮೋಟಾರು ನಯವಾಗಿ, ಕಡಿಮೆ ಕರೆಂಟಿನಲ್ಲಿ ತಿರುಗುತ್ತದೆ. ಗುರುಗುಟ್ಟಿದರೆ, ನಡುಗಿದರೆ, ಬಿಸಿಯೇರಿದರೆ ಕ್ರಮ ತಪ್ಪಿದೆ. ತಿರುಗಿತಲ್ಲ ಎಂದು ತೃಪ್ತರಾಗದೆ ಆಂಪಿಯರ್ ಮೀಟರನ್ನು ನಂಬಿರಿ. ಬ್ಯಾಟರಿಯ ಪಕ್ಕದಲ್ಲೇ ಡಿ.ಸಿ.ಗೆ ತಕ್ಕ ಫ್ಯೂಸು ಇರಲಿ. ನಮ್ಮ ಮಳೆಗಾಲವನ್ನು ನೆನೆದು ಕಂಟ್ರೋಲರಿಗೆ ಬರುವ ತಂತಿಗಳನ್ನು ಒಮ್ಮೆ ಕೆಳಕ್ಕೆ ಬಾಗಿಸಿರಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕಾನೂನನ್ನೂ ತಿಳಿದಿರಬೇಕು. ನಮ್ಮ ದೇಶದಲ್ಲಿ 250 ವಾಟಿಗಿಂತ ಕಡಿಮೆ ಶಕ್ತಿಯ, 25 ಕಿ.ಮೀ. ವೇಗ ಮೀರದ ಹಗುರ ದ್ವಿಚಕ್ರಗಳಿಗೆ ನೋಂದಣಿಯ ವಿನಾಯಿತಿಯಿದೆ. ನಾನು ಹೇಳಿದ ಗಾಡಿ ಆ ಮಿತಿಯನ್ನು ಮೀರಿದ್ದು; ಅದು ತೋಟದೊಳಗೇ ಇರಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹಳ್ಳದ ದಂಡೆಗೆ ಬ್ಯಾಟರಿ ಎಸೆದು ಹೊಗೆಯಿಲ್ಲದ ಗಾಡಿಯ ಹೆಮ್ಮೆ ಪಡುವುದರಲ್ಲಿ ಅರ್ಥವಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ವಾರವೇ ಹಗ್ಗ, ನೀರುಮಟ್ಟ ಹಿಡಿದು ನಿಮ್ಮ ತೋಟದ ದಾರಿಯ ಅತಿ ಕಡಿದಾದ ಏರನ್ನು ಅಳೆಯಿರಿ. ಹೊರೆಯನ್ನು ತೂಗಿರಿ. ಆ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತಿರಿ.