ಕೃಪೆ ಬರುವ ದಾರಿ



ಧರ್ಮದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಅಂತರಂಗವನ್ನು ದೊಡ್ಡದೆಂದೂ ಬಹಿರಂಗವನ್ನು ಚಿಕ್ಕದೆಂದೂ ತಿಳಿಯುತ್ತೇವೆ. ಮನಸ್ಸು ಶುದ್ಧವಾಗಿದ್ದರೆ ಸಾಕು, ಉಳಿದದ್ದೆಲ್ಲ ತೋರಿಕೆ ಎನ್ನುತ್ತೇವೆ. ಹದಿನಾರನೆಯ ಶತಮಾನದ ಯೂರೋಪಿನ ಮತಸುಧಾರಣೆಯನ್ನೂ ಹಲವರು ಇದೇ ಕಣ್ಣಿನಿಂದ ನೋಡುವುದುಂಟು. ಮಾರ್ಟಿನ್ ಲೂಥರ್ ಹೊರಗಿನ ಆಚಾರಗಳನ್ನು ತಳ್ಳಿ ಒಳಗಿನ ನಂಬಿಕೆಯನ್ನು ಎತ್ತಿಹಿಡಿದ ಎಂಬುದು ಅವರ ತಿಳಿವಳಿಕೆ. ಅದು ಅರ್ಧ ಸತ್ಯ. ದೇವರ ಕೃಪೆ ಮನುಷ್ಯನಿಗೆ ಹೊರಗಿನಿಂದಲೇ ಬರುತ್ತದೆ, ಕಿವಿಗೆ ಬೀಳುವ ಮಾತು, ಮೈಗೆ ತಾಗುವ ನೀರು, ಬಾಯಿಗೆ ಬರುವ ರೊಟ್ಟಿ ಮತ್ತು ದ್ರಾಕ್ಷಾರಸಗಳ ಮೂಲಕ ಬರುತ್ತದೆ ಎಂದು ಹಟ ಹಿಡಿದವನೂ ಅದೇ ಲೂಥರ್. ಅವನ ಹೆಸರಿನ ಸಭೆಗಳು ಇವುಗಳನ್ನು ಕೃಪಾಸಾಧನಗಳೆಂದು ಕರೆಯುತ್ತವೆ. ಈ ಹಟ ಏಕೆ, ಇದರಿಂದ ಏನಾಯಿತು ಎಂಬುದೇ ಈ ಹೊತ್ತಿನ ಮಾತು.

ಮೊದಲು ‘ಸಾಧನ’ ಎಂಬ ಶಬ್ದವನ್ನು ಸ್ವಲ್ಪ ಬಿಡಿಸಿ ನೋಡೋಣ. ಸಾಧನ ಎಂದೊಡನೆ ನಮಗೆ ಸಾಧಕ ನೆನಪಾಗುತ್ತಾನೆ. ಜಪ, ತಪ, ವ್ರತಗಳಿಂದ ಮೇಲೇರುವ ಮನುಷ್ಯ ಕಣ್ಣಮುಂದೆ ಬರುತ್ತಾನೆ. ಲೂಥರನ್ ಬೋಧನೆಯಲ್ಲಿ ಅರ್ಥ ತಿರುಗುಮುರುಗು. ಅಲ್ಲಿ ಸಾಧನವನ್ನು ಹಿಡಿದ ಕೈ ದೇವರದು. ಮನುಷ್ಯ ಬರಿಗೈಯಲ್ಲಿ ನಿಂತು ತೆಗೆದುಕೊಳ್ಳುವವನು. ಕೃಪೆಯೆಂದರೆ ಯೋಗ್ಯತೆಯನ್ನು ನೋಡದೆ, ಕ್ರಿಸ್ತನ ನಿಮಿತ್ತವಾಗಿ ದೊರೆಯುವ ಪಾಪಕ್ಷಮೆ.

ಈ ವಿಚಾರ ಹುಟ್ಟಿದ್ದು ಒಬ್ಬ ಮನುಷ್ಯನ ತಳಮಳದಿಂದ. 1483ರಲ್ಲಿ ಜರ್ಮನಿಯ ಐಸ್ಲೆಬೆನ್‌ನಲ್ಲಿ ಹುಟ್ಟಿದ ಲೂಥರ್ 1505ರಲ್ಲಿ ಎರ್ಫರ್ಟಿನ ಅಗಸ್ಟೀನಿಯನ್ ಮಠ ಸೇರಿದ. ಉಪವಾಸ, ಜಾಗರಣೆ, ಪ್ರಾರ್ಥನೆ ಯಾವುದನ್ನೂ ಅವನು ಕಡಿಮೆ ಮಾಡಲಿಲ್ಲ. ತನ್ನ ಹಿರಿಯನಾದ ಯೋಹಾನ್ ಫಾನ್ ಸ್ಟೌಪಿಟ್ಸನ ಬಳಿ ಪಾಪನಿವೇದನೆ ಮಾಡಿಕೊಳ್ಳುತ್ತಿದ್ದ. ಎದ್ದುಬಂದ ಮೇಲೆ ಹೇಳದೆ ಉಳಿದ ಪಾಪ ಯಾವುದೋ ಎಂದು ಮತ್ತೆ ಚಿಂತಿಸುತ್ತಿದ್ದ. ತನ್ನ ಪಶ್ಚಾತ್ತಾಪ ನಿಜವಾದದ್ದೇ, ತನ್ನ ಭಕ್ತಿ ಸಾಲುವುದೇ? ಒಳಗೆ ಹುಡುಕಿದಷ್ಟೂ ಅನುಮಾನವೇ ಸಿಕ್ಕಿತು.

ಅದೇ ಕಾಲಕ್ಕೆ ಪೇಟೆಯಲ್ಲಿ ಇನ್ನೊಂದು ಉತ್ತರ ಮಾರಾಟಕ್ಕಿತ್ತು. ಪಾಪದ ದೆಸೆಯಿಂದ ಭೋಗಿಸಬೇಕಾದ ಶಿಕ್ಷೆಯನ್ನು ಕಡಿಮೆ ಮಾಡುವುದೆಂದು ಹೇಳಿ ಯೋಹಾನ್ ಟೆಟ್ಸೆಲ್ ಪಾಪವಿಮೋಚನಾ ಪತ್ರಗಳನ್ನು ಹಂಚುತ್ತಿದ್ದ. ಬಂದ ಹಣದಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ ಹೋಗುತ್ತಿತ್ತು. 1517ರ ಅಕ್ಟೋಬರ್ 31ರಂದು ಲೂಥರ್ ಹೊರಗೆಡವಿದ 95 ವಾದಾಂಶಗಳು ಇದನ್ನೇ ಪ್ರಶ್ನಿಸಿದವು. ಅಳೆದು ಸುರಿಯಲು, ಬೆಲೆ ಕಟ್ಟಲು ಕೃಪೆ ದಿನಸಿ ಸಾಮಾನಲ್ಲ. ಅದು ದೇವರು ಕೊಟ್ಟ ಮಾತು, ಮಾತನ್ನು ನಂಬುವುದೊಂದೇ ಅದನ್ನು ಪಡೆಯುವ ಬಗೆ ಎಂಬ ನಿಲುವಿಗೆ ಅವನು ಮುಂದಿನ ಕೆಲವು ವರ್ಷಗಳಲ್ಲಿ ಬಂದು ಮುಟ್ಟಿದ.

ಇಲ್ಲಿಗೆ ಕಥೆ ಮುಗಿದಿದ್ದರೆ ‘ಒಳಗಿನ ನಂಬಿಕೆ’ಯ ವಾದವೇ ಗೆದ್ದಂತಾಗುತ್ತಿತ್ತು. ಆದರೆ 1521ರ ಡಿಸೆಂಬರಿನಲ್ಲಿ ಸ್ವಿಕ್ಕೌ ಊರಿನಿಂದ ಕೆಲವರು ವಿಟೆನ್‌ಬರ್ಗಿಗೆ ಬಂದರು. ದೇವರು ತಮ್ಮೊಡನೆ ನೇರವಾಗಿ ಮಾತನಾಡುತ್ತಾನೆ, ಪುಸ್ತಕವೂ ಬೇಡ, ಶಿಶುಗಳ ದೀಕ್ಷಾಸ್ನಾನವೂ ಬೇಡ ಎಂಬುದು ಅವರ ವಾದ. ಲೂಥರನಿಗೆ ಇದು ಹಳೆಯ ಕಾಯಿಲೆಯ ಹೊಸ ರೂಪವಾಗಿ ಕಂಡಿತು. ಮಠದಲ್ಲಿ ತನ್ನ ಪುಣ್ಯಕಾರ್ಯ ಸಾಲುವುದೇ ಎಂದು ಒಳಗೆ ನೋಡಿಕೊಳ್ಳುತ್ತಿದ್ದ ಮನುಷ್ಯ ಈಗ ತನ್ನ ಅನುಭವ ಸಾಲುವುದೇ ಎಂದು ಒಳಗೆ ನೋಡಿಕೊಳ್ಳಬೇಕಾಗುತ್ತದೆ. ಅನುಭವ ಬಂದ ದಿನ ಅಹಂಕಾರ, ಬಾರದ ದಿನ ಹತಾಶೆ. ತಳಮಳಗೊಂಡವನಿಗೆ ತನ್ನ ಹೊರಗೆ ನಿಂತ ಆಧಾರವೊಂದು ಬೇಕು. ಬಾವಿಗೆ ಬಿದ್ದವನಿಗೆ ಮೇಲಿನಿಂದ ಹಗ್ಗ ಬರಬೇಕು. ಅವನು ತನ್ನ ಜುಟ್ಟನ್ನೇ ಹಿಡಿದು ಮೇಲೆ ಬರಲಾರ.

ಆ ಹಗ್ಗ ಯಾವುದು? 1530ರ ಜೂನ್ 25ರಂದು ಚಕ್ರವರ್ತಿ ಐದನೆಯ ಚಾರ್ಲ್ಸನ ಮುಂದೆ ಓದಲಾದ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ ಉತ್ತರ ಕೊಡುತ್ತದೆ. ಅದನ್ನು ಸಿದ್ಧಪಡಿಸಿದವನು ಲೂಥರನ ಸಹೋದ್ಯೋಗಿ ಫಿಲಿಪ್ ಮೆಲಾಂಕ್ತನ್. ಅದರ ಐದನೆಯ ವಿಧಿಯ ಪ್ರಕಾರ ಸುವಾರ್ತೆಯ ಮಾತು ಮತ್ತು ಸಂಸ್ಕಾರಗಳೆಂಬ ಸಾಧನಗಳ ಮೂಲಕ ಪವಿತ್ರಾತ್ಮನು ನಂಬಿಕೆಯನ್ನು ಹುಟ್ಟಿಸುತ್ತಾನೆ. ಗಮನಿಸಿ, ನಂಬಿಕೆಯೂ ಇಲ್ಲಿ ಮನುಷ್ಯನ ಗಳಿಕೆಯಲ್ಲ, ಕೇಳಿದ ಮಾತಿನ ಫಲ.

ರೋಮನ್ ಸಭೆ ಏಳು ಸಂಸ್ಕಾರಗಳನ್ನು ಎಣಿಸುತ್ತಿತ್ತು. ಲೂಥರ್ 1520ರಲ್ಲೇ ಈ ಎಣಿಕೆಯನ್ನು ಪ್ರಶ್ನಿಸಿದ. ಕ್ರಿಸ್ತನ ಆಜ್ಞೆ, ವಾಗ್ದಾನ ಮತ್ತು ಕಣ್ಣಿಗೆ ಕಾಣುವ ಗುರುತು ಮೂರೂ ಇರುವವು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎರಡೇ ಎಂದ. ಪಾಪನಿವೇದನೆಯನ್ನು ಅವನು ಕೈಬಿಡಲಿಲ್ಲ. ಕ್ಷಮೆಯ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವುದು ದೊಡ್ಡ ಸಮಾಧಾನವೆಂದು ಎಣಿಸಿದ. 1529ರಲ್ಲಿ ಮನೆಯ ಯಜಮಾನರು ಮಕ್ಕಳಿಗೆ ಕಲಿಸಲೆಂದು ಬರೆದ ‘ಕಿರಿಯ ಪ್ರಶ್ನೋತ್ತರ’ದಲ್ಲಿ ಇದೆಲ್ಲ ಸರಳವಾಗಿದೆ. ದೀಕ್ಷಾಸ್ನಾನದ ನೀರು ಬಾವಿಯ ನೀರೇ. ದೇವರ ಮಾತು ಅದರೊಡನೆ ಕೂಡಿದ್ದರಿಂದ ಅದು ದೀಕ್ಷಾಸ್ನಾನ. ಆದ್ದರಿಂದಲೇ ಏನನ್ನೂ ಮಾಡಲಾರದ, ಎತ್ತಿಕೊಂಡವರ ಕೈಯಲ್ಲಿ ಮಲಗಿರುವ ಶಿಶುವಿಗೂ ಅದು ಸಲ್ಲುತ್ತದೆ. ಪಾಪದ ಭಯ ಕಾಡಿದಾಗ ತನಗೆ ದೀಕ್ಷಾಸ್ನಾನವಾಗಿದೆ ಎಂಬ ಸಂಗತಿಯನ್ನು ನೆನೆಯಬೇಕೆಂದು ಲೂಥರ್ ಹೇಳುತ್ತಿದ್ದ. ಮನಸ್ಸಿನ ಸ್ಥಿತಿ ಬದಲಾಗಬಹುದು, ನಡೆದ ಸಂಗತಿ ಬದಲಾಗದು.

ಹಾಗಾದರೆ ಸಂಸ್ಕಾರ ನಡೆಸುವ ಪಾದ್ರಿ ದುಷ್ಟನಾಗಿದ್ದರೆ? ಆಗಲೂ ಅದು ಕೆಡುವುದಿಲ್ಲ ಎನ್ನುತ್ತದೆ ಆಗ್ಸ್‌ಬರ್ಗಿನ ಎಂಟನೆಯ ವಿಧಿ. ಪತ್ರ ತಂದ ಅಂಚೆಯವನ ನಡತೆಯಿಂದ ಪತ್ರದ ಒಕ್ಕಣೆ ಬದಲಾಗುತ್ತದೆಯೇ? ಈ ಮಾತಿನಲ್ಲಿ ಲೂಥರನ್ನರೂ ಕಥೋಲಿಕರೂ ಒಂದೇ. ಆದರೆ ನಂಬಿಕೆಯಿಲ್ಲದೆ ಕ್ರಿಯೆ ನಡೆದ ಮಾತ್ರಕ್ಕೇ ಪ್ರಯೋಜನ ದೊರೆಯುವುದೆಂಬ ಭಾವನೆಯನ್ನು ಲೂಥರನ್ನರು ಒಪ್ಪಲಿಲ್ಲ. ಅಂಚೆ ಬಂದರೂ ಒಡೆದು ಓದದವನಿಗೆ ಅದರ ಸುದ್ದಿ ದಕ್ಕದು.

ಇನ್ನೊಂದು ಕಡೆಯ ಜಗಳ ಹೆಚ್ಚು ನೋವಿನದು. 1529ರ ಅಕ್ಟೋಬರಿನಲ್ಲಿ ಹೆಸ್ಸೆಯ ದೊರೆ ಫಿಲಿಪ್ ತನ್ನ ಮಾರ್‌ಬುರ್ಗ್ ಕೋಟೆಗೆ ಲೂಥರನನ್ನೂ ಜೂರಿಚ್ಚಿನ ಸುಧಾರಕ ಉಲ್ರಿಚ್ ಜ್ವಿಂಗ್ಲಿಯನ್ನೂ ಕರೆಸಿದ. ಇಬ್ಬರೂ ಒಂದಾದರೆ ಸುಧಾರಕರ ಬಲ ಹೆಚ್ಚುತ್ತಿತ್ತು. ಭೋಜನದ ರೊಟ್ಟಿ ಕ್ರಿಸ್ತನ ದೇಹವನ್ನು ಸೂಚಿಸುತ್ತದೆ ಎಂದು ಜ್ವಿಂಗ್ಲಿ. ಅಲ್ಲಿ ಕ್ರಿಸ್ತನ ದೇಹವೇ ನಿಜವಾಗಿ ಇದೆ ಎಂದು ಲೂಥರ್. ರೊಟ್ಟಿಯನ್ನು ತನ್ನ ದೇಹವೆಂದು ಯೇಸು ಹೇಳಿದ ಮಾತನ್ನು ಲೂಥರ್ ಲ್ಯಾಟಿನ್ನಿನಲ್ಲಿ ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದು ಅದರಿಂದ ಕದಲಲಿಲ್ಲ. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು; ಕೊನೆಯದರಲ್ಲಿ ಈ ಒಂದು ಮಾತು ಉಳಿಯಿತು. ಲೂಥರನ ದೃಷ್ಟಿಯಲ್ಲಿ, ರೊಟ್ಟಿ ಬರೀ ಗುರುತಾದರೆ ನೆನೆಯುವ ಕೆಲಸ ಮತ್ತೆ ಮನುಷ್ಯನ ಪಾಲಿಗೆ ಬರುತ್ತದೆ, ಕೊಡುವವನು ದೂರವಾಗುತ್ತಾನೆ. ಯೂರೋಪಿನ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಒಂದೇ ಪಂಕ್ತಿಯಲ್ಲಿ ಈ ಭೋಜನ ಸ್ವೀಕರಿಸಬಹುದೆಂಬ ಒಪ್ಪಂದ ಲಾಯೆನ್‌ಬರ್ಗಿನಲ್ಲಿ ಆದದ್ದು 1973ರಲ್ಲಿ, 444 ವರ್ಷಗಳ ಮೇಲೆ.

ಕೃಪೆ ಮಾತಿನ ಮೂಲಕ ಬರುವುದಾದರೆ ಆ ಮಾತು ಕೇಳುವವನಿಗೆ ತಿಳಿಯಬೇಕು. ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಪೂರ್ಣ ಬೈಬಲನ್ನೂ ಜರ್ಮನ್ ಭಾಷೆಗೆ ತಂದುದರ ಹಿಂದೆ ಈ ತರ್ಕವಿದೆ. 1706ರಲ್ಲಿ ತರಂಗಂಬಾಡಿಗೆ ಬಂದ ಲೂಥರನ್ ಪಾದ್ರಿ ಸೀಗೆನ್‌ಬಾಲ್ಗ್ ತಮಿಳು ಕಲಿತು, 1715ರ ಹೊತ್ತಿಗೆ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದ. ಲೂಥರನ್ನರೂ ರಿಫಾರ್ಮ್ಡರೂ ಕೂಡಿ ದುಡಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವೂ 1894ರ ಕಿಟ್ಟೆಲ್ಲರ ನಿಘಂಟೂ ಆ ಮಿಷನ್ನಿನವರ ಕೆಲಸ. ಮಾತಿಗೆ ಕೊಟ್ಟ ಆ ಬೆಲೆಯ ಲಾಭದಲ್ಲಿ ಕನ್ನಡಕ್ಕೂ ಪಾಲು ಸಿಕ್ಕಿತು.

ಈ ಬೋಧನೆಗೆ ಅಪಾಯವಿಲ್ಲವೇ? ಇದೆ. ಎಲ್ಲವೂ ಪುಕ್ಕಟೆಯಾಗಿ ಹೊರಗಿನಿಂದ ಬರುವುದಾದರೆ ಬದುಕನ್ನು ತಿದ್ದಿಕೊಳ್ಳುವ ಗೋಜೇಕೆ ಎನ್ನುವವರು ಹುಟ್ಟುತ್ತಾರೆ. ಈ ಎಚ್ಚರಿಕೆ ಕೊಟ್ಟವರೂ ಒಬ್ಬ ಲೂಥರನ್ ಪಾದ್ರಿಯೇ. ಹಿಟ್ಲರನ ಆಳ್ವಿಕೆಯಲ್ಲಿ, 1937ರಲ್ಲಿ ಡೀಟ್ರಿಚ್ ಬಾನ್‌ಹೋಫರ್ ಇಂಥದ್ದನ್ನು ‘ಅಗ್ಗದ ಕೃಪೆ’ ಎಂದು ಕರೆದರು. ದೇವರು ಪುಕ್ಕಟೆಯಾಗಿ ಕೊಟ್ಟದ್ದು ಆತನಿಗೆ ತನ್ನ ಮಗನ ಪ್ರಾಣದ ಬೆಲೆಗೆ ಬಿದ್ದದ್ದು. ಪಡೆದವನು ಆ ಮಗನ ಹಿಂದೆ ನಡೆಯದೆ ಇರಲಾರ ಎಂಬುದು ಅವರ ಅಭಿಪ್ರಾಯ. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಈ ನಂಬಿಕೆಯನ್ನು ಒಪ್ಪುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ಆದರೆ ಅದರ ಹಿಂದಿನ ಮನುಷ್ಯಜ್ಞಾನ ಎಲ್ಲರಿಗೂ ಸಲ್ಲುವಂಥದು. ತಪ್ಪು ಮಾಡಿ ಕೊರಗುವವನು ತನಗೆ ತಾನೇ ಸಾವಿರ ಸಲ ಕ್ಷಮೆ ಹೇಳಿಕೊಂಡರೂ ಭಾರ ಇಳಿಯುವುದಿಲ್ಲ. ಇನ್ನೊಬ್ಬರು ಎದುರಿಗೆ ನಿಂತು, ಹೆಸರು ಹಿಡಿದು ಕರೆದು, ‘ಕ್ಷಮಿಸಿದೆ’ ಎಂದರೆ ಉಸಿರು ಸಡಿಲವಾಗುತ್ತದೆ. ಲೂಥರ್ ದೇವರ ಕೃಪೆಯನ್ನು ಕಿವಿಯ ಬಳಿಗೆ, ನಾಲಗೆಯ ಬಳಿಗೆ ತಂದು ನಿಲ್ಲಿಸಿದ್ದು ಈ ಕಾರಣಕ್ಕೆ.