ಬಂದರು ಬೆಳೆಯಲಿ, ದಡದವರ ಪಾಲೂ ಉಳಿಯಲಿ



ನಮ್ಮ ದೇಶದ ಬಂದರು ಮತ್ತು ಹಡಗುಗಳನ್ನು ಆಳುವ ಕಾನೂನುಗಳು ಕೆಲವೇ ವರ್ಷಗಳಲ್ಲಿ ಬದಲಾಗಿವೆ. 1963ರ ಪ್ರಮುಖ ಬಂದರುಗಳ ಕಾಯ್ದೆ ಮತ್ತು 1917ರ ಒಳನಾಡು ಹಡಗು ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯ್ದೆಗಳು ಬಂದವು. 1908ರ ಬಂದರು ಕಾಯ್ದೆಗೂ 1958ರ ವಾಣಿಜ್ಯ ನೌಕಾಯಾನ ಕಾಯ್ದೆಗೂ ಬದಲಿಯಾಗಿ 2025ರಲ್ಲಿ ಹೊಸ ಶಾಸನಗಳು ರೂಪುಗೊಂಡವು. ಹಳೆಯ ನಿಯಮಗಳು ಬದಲಾಗಬೇಕಾಗಿದ್ದವು ಎಂಬುದರಲ್ಲಿ ನಮಗೆ ತಕರಾರಿಲ್ಲ. ಒಂದು ರಾಜ್ಯದಲ್ಲಿ ನೋಂದಾಯಿಸಿದ ದೋಣಿಯು ಇನ್ನೊಂದು ರಾಜ್ಯದ ನದಿಯಲ್ಲೂ ಸಂಚರಿಸಬಹುದೆಂಬುದು ಒಳ್ಳೆಯ ಮಾತೇ. ರಸ್ತೆಗಿಂತ ಜಲಮಾರ್ಗದಲ್ಲಿ ಭಾರದ ಸರಕನ್ನು ಕಡಿಮೆ ಇಂಧನದಲ್ಲಿ ಸಾಗಿಸಬಹುದೆಂಬುದೂ ನಿಜ.

ಆದರೆ ಘೋಷಣೆಯೇ ಅಭಿವೃದ್ಧಿಯಲ್ಲ. 2016ರ ಕಾಯ್ದೆಯು 111 ರಾಷ್ಟ್ರೀಯ ಜಲಮಾರ್ಗಗಳನ್ನು ಹೆಸರಿಸಿತು. ನಮ್ಮ ನೇತ್ರಾವತಿ, ಗುರುಪುರ, ಶರಾವತಿ, ಕಾಳಿ ನದಿಗಳೂ ಆ ಪಟ್ಟಿಯಲ್ಲಿವೆ. ವರ್ಷವಿಡೀ ಆಳವಾದ ನೀರು, ಹೂಳು ತೆಗೆದ ಕಾಲುವೆ, ಸರಕಿಳಿಸುವ ದಕ್ಕೆ ಇವುಗಳಿಲ್ಲದೆ ಪಟ್ಟಿಯಲ್ಲಿನ ಹೆಸರಿನಿಂದ ಒಂದು ಮೂಟೆಯೂ ಸಾಗದು.

ಮಂಗಳೂರನ್ನೇ ನೋಡಿ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆನಿಸಿತು. ಅತ್ತ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿ ಹೊತ್ತು ಮಂಜಿಗಳು ಹೊರಡುತ್ತವೆ. ಮಳೆಗಾಲದಲ್ಲಿ ಅವುಗಳ ಯಾನ ನಿಂತಾಗ ಖಲಾಸಿಗಳ ಒಲೆಯೂ ತಣ್ಣಗಾಗುತ್ತದೆ. ಸುಧಾರಣೆಯ ಲೆಕ್ಕದಲ್ಲಿ ಈ ಎರಡೂ ದಕ್ಕೆಗಳಿಗೆ ಸ್ಥಾನವಿರಬೇಡವೇ?

ಇನ್ನೊಂದು ಗಂಭೀರ ವಿಷಯ. 2025ರ ಬಂದರು ಕಾಯ್ದೆಯು ರಾಜ್ಯಗಳ ಬಂದರುಗಳಿಗೆ ವಿವಾದ ಪರಿಹಾರ ಸಮಿತಿಗಳನ್ನು ಕಲ್ಪಿಸಿದೆ. ಬಂದರು, ಗುತ್ತಿಗೆದಾರ, ಬಳಕೆದಾರ, ಸೇವೆ ಒದಗಿಸುವವರು ಅಲ್ಲಿಗೆ ಹೋಗಬಹುದು. ದಡದಲ್ಲಿ ಮೀನು ಒಣಗಿಸುವವರು ಎಲ್ಲಿಗೆ ಹೋಗಬೇಕು? ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರ ಕುಟುಂಬಗಳು ವರ್ಷಗಟ್ಟಲೆ ಬೀದಿಗಿಳಿದದ್ದು ಈ ಪ್ರಶ್ನೆಯನ್ನೇ ಎತ್ತಿದೆ. 2021ರ ಕಾಯ್ದೆಯು ಪ್ರಮುಖ ಬಂದರಿನ ಮಂಡಳಿಯಲ್ಲಿ ನೌಕರರಿಗೆ ಎರಡು ಸ್ಥಾನ ನೀಡಿದೆ. ಮೀನುಗಾರರಿಗೂ ಅಂತಹ ಸ್ಥಾನ ಸಿಗಬೇಕೆಂಬುದು ನ್ಯಾಯದ ಬೇಡಿಕೆ. ಹಣ ಹೂಡಿದವನ ದೂರಿಗೆ ಬಾಗಿಲಿದ್ದು, ಬದುಕನ್ನೇ ಹೂಡಿದವನ ದೂರಿಗೆ ಬಾಗಿಲಿಲ್ಲದಿದ್ದರೆ ಅದು ಅರ್ಧ ಸುಧಾರಣೆ ಮಾತ್ರ.

ಬರಿಯ ಆಕ್ರೋಶದಿಂದ ಫಲವಿಲ್ಲ. 2006ರ ಪರಿಸರ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ನೀಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಅದನ್ನು ಕೇಳಿ ಪಡೆಯೋಣ, ಕುಳಿತು ಓದೋಣ. ನಮ್ಮ ವಿದ್ಯಾವಂತ ಯುವಕ ಯುವತಿಯರು ದಡದವರ ಅಹವಾಲನ್ನು ಬರೆದುಕೊಡಲಿ. ಸಭೆಯಲ್ಲಿ ದಾಖಲಾಗದ ನೋವು ಕಡತವನ್ನು ತಲುಪುವುದಿಲ್ಲ.